ಮಣ್ಣು ವೈದ್ಯರು

ಹೊಲದ ಮಣ್ಣನ್ನು ಉಳಿಸಿಕೊಳ್ಳುವ ಬಗೆಗಳನ್ನು ಮೊದಲು ತಾವೇ ಮಾಡಿ ನೋಡಿ, ಆಮೇಲೆ ಅಕ್ಕಪಕ್ಕದ ರೈತರಿಗೆ ಸಂಬಳವಿಲ್ಲದೆ ಕಲಿಸಲು ತರಬೇತಿ ಪಡೆದ ರೈತರಿಗೆ ಈ ಹೆಸರಿದೆ. ಥಾಯ್‌ಲೆಂಡಿನ ‘ಮೊ ದಿನ್’ ಎಂಬ ಮಾತಿನ ಅರ್ಥವೂ ಇದೇ. ಮೊ ಎಂದರೆ ವೈದ್ಯ, ದಿನ್ ಎಂದರೆ ಮಣ್ಣು. ಬೇರೆ ನಾಡುಗಳಲ್ಲಿ ಇದೇ ಕೆಲಸಕ್ಕೆ ಬೇರೆ ಹೆಸರುಗಳಿವೆ. ಮಧ್ಯ ಅಮೆರಿಕದಲ್ಲಿ ‘ಪ್ರೊಮೊತೋರ್’, ಮಲಾವಿಯಲ್ಲಿ ‘ಲೀಡ್ ಫಾರ್ಮರ್’, ಕರ್ನಾಟಕದಲ್ಲಿ ‘ರೈತ ಅನುವುಗಾರ’, ಈಚೆಗೆ ‘ಕೃಷಿ ಸಖಿ’. ಕರ್ನಾಟಕದ ಈ ಇಬ್ಬರಿಗೂ ಗೌರವಧನ ಉಂಟಾದ್ದರಿಂದ ಅವರನ್ನು ಪೂರ್ತಿ ಸ್ವಯಂಸೇವಕರೆನ್ನಲು ಬಾರದು. ವೈದ್ಯ ಎಂಬ ಹೆಸರೂ ಸ್ವಲ್ಪ ದೊಡ್ಡದಾಯಿತು. ಮಾಡುವ ಕೆಲಸ ನೋಡಿದರೆ ಇವರು ಹಳೆಯ ಕಾಲದ ಊರ ಸೂಲಗಿತ್ತಿಗೆ ಹತ್ತಿರ: ಊರಿನಲ್ಲೇ ಇರುವವರು, ಕರೆದಾಗ ಬರುವವರು, ತಮ್ಮ ಕೈ ಮೀರಿದ್ದನ್ನು ಪೇಟೆಯ ಆಸ್ಪತ್ರೆಗೆ ಕಳಿಸುವವರು.

ಮಣ್ಣಿನ ವಿಷಯದಲ್ಲಿ ನೆರೆಯವನ ಪಾಠಕ್ಕೆ ಇಷ್ಟು ಬೆಲೆ ಬರಲು ಕಾರಣವಿದೆ. ಹೊಸ ತಳಿಯ ಬೀಜವಾದರೆ ಒಂದೇ ಹಂಗಾಮಿನಲ್ಲಿ ತನ್ನ ಗುಣ ತೋರಿಸುತ್ತದೆ. ಮಣ್ಣು ಹಾಗಲ್ಲ. ಬದು ಹಾಕಿದ, ಹಸಿರೆಲೆ ಗೊಬ್ಬರ ಮಗುಚಿದ, ಮುಚ್ಚಿಗೆ ಹೊದಿಸಿದ ಹೊಲದ ಬದಲಾವಣೆ ಕಾಣಲು ಮೂರು ನಾಲ್ಕು ಮಳೆಗಾಲ ಬೇಕು. ಅಷ್ಟು ಕಾಲ ಒಂದೇ ಹೊಲವನ್ನು ನೋಡುತ್ತ ಇರಬಲ್ಲವನು ಪಕ್ಕದ ಹೊಲದವನು ಮಾತ್ರ. ವರ್ಗಾವಣೆಯಾಗಿ ಹೋಗುವ ಅಧಿಕಾರಿ ಅಷ್ಟು ದಿನ ನಿಲ್ಲುವುದಿಲ್ಲ, ಒಂದು ದಿನದ ಕೃಷಿಮೇಳದ ಮಳಿಗೆಯಂತೂ ಸಂಜೆಗೇ ಕಳಚಿಹೋಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವಿಶ್ವದ ಮಣ್ಣಿನ ಸ್ಥಿತಿಗತಿಯ ವರದಿ ಮಣ್ಣಿಗೆ ಒದಗಿದ 10 ಅಪಾಯಗಳನ್ನು ಗುರುತಿಸಿತು. ಕೊಚ್ಚಣೆ, ಸಾವಯವ ಇಂಗಾಲದ ನಷ್ಟ, ಪೋಷಕಾಂಶಗಳ ಏರುಪೇರು, ಜವಳು, ಹುಳಿ, ಗಟ್ಟಿಗೊಳ್ಳುವಿಕೆ, ನೀರು ನಿಲ್ಲುವುದು ಮೊದಲಾದ ಇವುಗಳಲ್ಲಿ ಬಹುಪಾಲು ರೈತ ದಿನವೂ ಕಾಣುವಂಥವೇ. ಕಣ್ಣೆದುರೇ ಇದ್ದರೂ ನಿಧಾನವಾಗಿ ಬರುವುದರಿಂದ ಅದು ರೋಗವೆಂದು ಅನಿಸುವುದಿಲ್ಲ, ಅಷ್ಟೆ.

ಗ್ವಾಟೆಮಾಲದ ಬೆಟ್ಟಗಳಲ್ಲಿ

ರೈತರಿಂದ ರೈತರಿಗೆ ಮಣ್ಣಿನ ಪಾಠ ಒಂದು ಚಳವಳಿಯ ರೂಪ ಪಡೆದದ್ದು 1970ರ ದಶಕದಲ್ಲಿ, ಗ್ವಾಟೆಮಾಲದ ಚಿಮಾಲ್ತೆನಾಂಗೊ ಪ್ರಾಂತ್ಯದಲ್ಲಿ. ಕಾಕ್ಚಿಕೆಲ್ ಎಂಬ ಮಾಯಾ ಭಾಷೆಯಾಡುವ ಸಣ್ಣ ರೈತರು ಅಲ್ಲಿ ಕಡಿದಾದ ಇಳಿಜಾರುಗಳಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದರು. ಪ್ರತಿ ಮಳೆಗೂ ಮೇಲ್ಮಣ್ಣು ಕಣಿವೆಗಿಳಿಯುತ್ತಿತ್ತು. ವರ್ಲ್ಡ್ ನೇಬರ್ಸ್ ಎಂಬ ಸಂಸ್ಥೆ 1972ರಲ್ಲಿ ಸಾನ್ ಮಾರ್ತೀನ್ ಹಿಲೊತೆಪೆಕೆಯಲ್ಲಿ ಕೆಲಸ ಆರಂಭಿಸಿದಾಗ ಹೆಕ್ಟೇರಿಗೆ ಸುಮಾರು 400 ಕಿಲೊ ಮೆಕ್ಕೆಜೋಳ ಬರುತ್ತಿತ್ತು. 1979ರಲ್ಲಿ ಸಂಸ್ಥೆ ಹೊರಟಾಗ ಅದು 2,500 ಕಿಲೊ ಆಗಿತ್ತು. 1994ರಲ್ಲಿ, ಆ ಕಾರ್ಯಕ್ರಮದಲ್ಲಿ ದುಡಿದಿದ್ದ ರೋಲಂಡ್ ಬಂಚ್ ಮತ್ತು ಗಾಬಿನೊ ಲೋಪೆಸ್ ಅದೇ ಊರುಗಳಿಗೆ ಮರಳಿ ಹೋಗಿ ಅಳೆದಾಗ ಇಳುವರಿ 4,500 ಕಿಲೊ ತಲುಪಿತ್ತು. ಕಲಿಸಿದವರು ಹೋಗಿ 15 ವರ್ಷವಾದ ಮೇಲೂ ಏರಿಕೆ ನಿಂತಿರಲಿಲ್ಲ.

ಆ ಮರುಭೇಟಿಯಲ್ಲಿ ಕಂಡ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವೆಂದು ತೋರುತ್ತದೆ. 1970ರ ದಶಕದಲ್ಲಿ ಕಲಿಸಿದ ತಂತ್ರಗಳಲ್ಲಿ ಎಷ್ಟೋ ಅಷ್ಟರೊಳಗೆ ಹೊಲಗಳಿಂದ ಮಾಯವಾಗಿದ್ದವು. ಮಾರುಕಟ್ಟೆ ಬದಲಾಯಿತು, ಬೆಳೆ ಬದಲಾಯಿತು, ಹಳೆಯ ಉಪಾಯ ಒಗ್ಗದೆ ಬಿದ್ದುಹೋಯಿತು. ಅದರ ಜಾಗಕ್ಕೆ ರೈತರು ತಾವೇ ಹುಡುಕಿದ, ಇನ್ನೊಬ್ಬರಿಂದ ಕಂಡು ತಂದ ಹೊಸ ಉಪಾಯಗಳು ಬಂದಿದ್ದವು. ಉಳಿದುಕೊಂಡದ್ದು ಸಣ್ಣದಾಗಿ ಮಾಡಿ ನೋಡುವ ರೂಢಿ. ಬಂಚ್ 1982ರಲ್ಲಿ ಬರೆದ ‘ಟೂ ಇಯರ್ಸ್ ಆಫ್ ಕಾರ್ನ್’ ಎಂಬ ಕೈಪಿಡಿಯ ತಿರುಳೂ ಅದೇ ಆಗಿತ್ತು: ಒಂದೆರಡು ತಂತ್ರಗಳಿಂದಲೇ ಶುರುಮಾಡು, ಹೊಲದ ಒಂದು ಮೂಲೆಯಲ್ಲಿ ಮಾತ್ರ ಮಾಡಿಸು, ಪುಕ್ಕಟೆ ಹಂಚಬೇಡ, ಚೆನ್ನಾಗಿ ಮಾಡಿದವನನ್ನೇ ಮೇಷ್ಟ್ರು ಮಾಡು.

ಮೇಷ್ಟ್ರ ಕೈಯಲ್ಲಿದ್ದ ಸಾಧನವೂ ಸರಳ. ಮೂರು ಕೋಲುಗಳನ್ನು ಇಂಗ್ಲಿಷಿನ A ಅಕ್ಷರದ ಆಕಾರಕ್ಕೆ ಕಟ್ಟಿ, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಟ್ಟರೆ ಸಮಪಾತಳಿ ಗೆರೆ ಎಳೆಯುವ ಚೌಕಟ್ಟು ಸಿದ್ಧ. ದಾರ ಅಡ್ಡಕೋಲಿನ ನಡುಗೆರೆಗೆ ಬಂದಾಗ ಎರಡು ಕಾಲುಗಳೂ ಒಂದೇ ಮಟ್ಟದಲ್ಲಿರುತ್ತವೆ. ಅಲ್ಲೊಂದು ಗೂಟ ಹೊಡೆದು ಚೌಕಟ್ಟನ್ನು ತಿರುಗಿಸುತ್ತ ಮುಂದೆ ಹೋಗುವುದು. ಓದು ಬರಹ ಬಾರದವರೂ ಅರ್ಧ ದಿನದಲ್ಲಿ ಇದನ್ನು ಕಲಿತರು. ಆ ಗೂಟಗಳ ಸಾಲಿನಲ್ಲಿ ಕಾಲುವೆ ತೋಡಿ, ಮೇಲಂಚಿಗೆ ಹುಲ್ಲು ನೆಟ್ಟರು.

1970ರ ದಶಕದ ಕೊನೆಗೆ ಗ್ವಾಟೆಮಾಲದ ಸೇನೆ ಸಂಘಟಿತ ರೈತರನ್ನು ಬೇಟೆಯಾಡತೊಡಗಿತು. ಬದು ಕಟ್ಟಲು ಕಲಿಸುತ್ತಿದ್ದವರೂ ಊರು ಬಿಟ್ಟು ಓಡಬೇಕಾಯಿತು. ಓಡಿದವರಲ್ಲಿ ಕೆಲವರು ಮೆಕ್ಸಿಕೊದ ತ್ಲಾಸ್ಕಾಲಾ ರಾಜ್ಯದ ವಿಸೆಂತೆ ಗೆರೆರೊ ಎಂಬ ಹಳ್ಳಿಯಲ್ಲಿ ಕಲಿಸಿದರು. ಅಲ್ಲಿ ಕಲಿತ ಮೆಕ್ಸಿಕನ್ ರೈತರು 1980ರ ದಶಕದಲ್ಲಿ ನಿಕರಾಗುವಕ್ಕೆ ಹೋಗಿ ಅಲ್ಲಿನ ರೈತ ಸಂಘದ ಸದಸ್ಯರಿಗೆ ತೋರಿಸಿದರು. ‘ಕಾಂಪೆಸಿನೊ ಆ ಕಾಂಪೆಸಿನೊ’, ರೈತನಿಂದ ರೈತನಿಗೆ, ಎಂಬ ಹೆಸರು ನಿಂತದ್ದು ಹೀಗೆ. ಅಲ್ಲಿಂದ ಅದು ಕ್ಯೂಬಾಕ್ಕೆ ದಾಟಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಸಗೊಬ್ಬರದ ಆಮದು ಕುಸಿದಿದ್ದ ಆ ದೇಶದಲ್ಲಿ ಸಣ್ಣ ರೈತರ ರಾಷ್ಟ್ರೀಯ ಸಂಘ 1997ರಲ್ಲಿ ಇದನ್ನು ಕೈಗೆತ್ತಿಕೊಂಡು, ಸುಮಾರು ಒಂದು ದಶಕದಲ್ಲಿ 1 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಮುಟ್ಟಿಸಿತು.

1998ರ ಮಿಚ್ ಚಂಡಮಾರುತ ಈ ಕೆಲಸಕ್ಕೆ ಯಾರೂ ಬಯಸದ ಪರೀಕ್ಷೆಯಾಯಿತು. ಮಳೆ ನಿಂತ ಮೇಲೆ ಸಂಶೋಧಕ ಎರಿಕ್ ಹೋಲ್ಟ್ ಹಿಮೆನೆಸ್ ಮತ್ತು ರೈತ ತಂಡಗಳು ನಿಕರಾಗುವ, ಹೊಂಡುರಾಸ್, ಗ್ವಾಟೆಮಾಲಗಳಲ್ಲಿ 1,804 ತಾಕುಗಳನ್ನು ಜೋಡಿಜೋಡಿಯಾಗಿ ಅಳೆದರು. ಜೋಡಿಯ ಒಂದು ತಾಕಿನಲ್ಲಿ ಮಣ್ಣು ಸಂರಕ್ಷಣೆ ಮಾಡಿತ್ತು, ಅದೇ ಇಳಿಜಾರಿನ ಇನ್ನೊಂದರಲ್ಲಿ ಇರಲಿಲ್ಲ. ಸಂರಕ್ಷಿಸಿದ ತಾಕುಗಳಲ್ಲಿ ಮೇಲ್ಮಣ್ಣು ಶೇಕಡ 20ರಿಂದ 40ರಷ್ಟು ಹೆಚ್ಚು ಉಳಿದಿತ್ತು. ಎಲ್ಲ ಕಡೆಯೂ ಅಂತರ ಒಂದೇ ಸಮನಾಗಿರಲಿಲ್ಲ. ಮೇಲಿನ ಬೆಟ್ಟವೇ ಬೋಳಾಗಿದ್ದು, ಅಲ್ಲಿಂದ ನೀರು ನುಗ್ಗಿಬಂದಲ್ಲಿ ಕೆಳಗಿನವನು ಎಷ್ಟು ಬದು ಹಾಕಿದ್ದರೂ ಸಾಲಲಿಲ್ಲ. ನೆರೆಯವನಿಗೆ ಕಲಿಸುವುದು ಉಪಕಾರ ಮಾತ್ರವಲ್ಲ, ಸ್ವಂತ ಹೊಲದ ರಕ್ಷಣೆಯೂ ಹೌದು ಎಂಬುದನ್ನು ಇಳಿಜಾರಿನವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಥಾಯ್‌ಲೆಂಡಿನ ಮೊ ದಿನ್

ಥಾಯ್ ಮಾದರಿ ಮಧ್ಯ ಅಮೆರಿಕದ ಈ ಕ್ರಮಕ್ಕೆ ಪೂರಾ ಎದುರು. ಇಲ್ಲಿ ಸ್ವಯಂಸೇವಕರನ್ನು ಕಟ್ಟಿದ್ದು ಸರ್ಕಾರ. 1963ರಲ್ಲಿ ಸ್ಥಾಪನೆಯಾದ ಭೂ ಅಭಿವೃದ್ಧಿ ಇಲಾಖೆ 1990ರ ದಶಕದಿಂದ ಹಳ್ಳಿ, ಹೋಬಳಿಯಂಥ ತಂಬೊನ್, ತಾಲ್ಲೂಕಿನಂಥ ಅಂಫೊ, ಕೊನೆಗೆ ಪ್ರಾಂತ್ಯ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಮೊ ದಿನ್‌ಗಳನ್ನು ನೇಮಿಸುತ್ತ ಬಂತು. ಈಗ ಅವರ ಸಂಖ್ಯೆ 70 ಸಾವಿರಕ್ಕೂ ಹೆಚ್ಚು. ಇಲಾಖೆ ಅವರ ಕೈಗೆ ಉಪದೇಶವನ್ನಷ್ಟೇ ಕೊಡುವುದಿಲ್ಲ. ಕಾಂಪೋಸ್ಟ್ ಬೇಗ ಕಳಿಯಲು, ಹುದುಗಿಸಿದ ದ್ರವಗೊಬ್ಬರ ಮಾಡಲು, ಬೇರು ಕೊಳೆರೋಗ ತಡೆಯಲು ಬೇರೆ ಬೇರೆ ಸೂಕ್ಷ್ಮಜೀವಿಗಳ ಪುಡಿಯನ್ನು ಸಣ್ಣ ಪೊಟ್ಟಣಗಳಲ್ಲಿ ತುಂಬಿ, ನಂಬರು ಹಾಕಿ ಹಂಚುತ್ತದೆ. ಊರಿನವನಿಗೆ ಆ ಪೊಟ್ಟಣ ಬೇಕಾದರೆ ಮೊ ದಿನ್ ಮನೆಗೆ ಹೋಗಬೇಕು. ಹೋದವನು ನಾಲ್ಕು ಮಾತಾಡದೆ ಬರುವುದಿಲ್ಲ. ಪಾಠ ಆರಂಭವಾಗುವುದು ಅಲ್ಲೇ.

ಆ ದೇಶದ ಮಣ್ಣಿನ ತೊಂದರೆಗಳೂ ಬಗೆಬಗೆಯವು: ಈಶಾನ್ಯದಲ್ಲಿ ಉಪ್ಪು ಮತ್ತು ಮರಳು, ಉತ್ತರದ ಗುಡ್ಡಗಳಲ್ಲಿ ಕೊಚ್ಚಣೆ, ದಕ್ಷಿಣದ ಜೌಗಿನಲ್ಲಿ ಹುಳಿ. ದಕ್ಷಿಣದ ನಾರಾಥಿವಾತ್ ಪ್ರಾಂತ್ಯದಲ್ಲಿ ಜೌಗನ್ನು ಒಣಗಿಸಿ ಭತ್ತ ಬೆಳೆಯಹೊರಟಾಗ, ಮಣ್ಣಿನಡಿಯ ಗಂಧಕದ ಖನಿಜ ಗಾಳಿ ಸೋಕಿ ಗಂಧಕಾಮ್ಲವಾಯಿತು, ಬೆಳೆ ಸುಟ್ಟುಹೋಯಿತು. ದೊರೆ ಭೂಮಿಬೋಲರ ಸಲಹೆಯಂತೆ ಪಿಕುನ್ ತೋಂಗ್ ಕೇಂದ್ರದಲ್ಲಿ 1980ರ ದಶಕದಲ್ಲಿ ‘ಕ್ಲೇಂಗ್ ದಿನ್’, ಅಂದರೆ ಮಣ್ಣನ್ನು ಕೆಣಕುವ ಪ್ರಯೋಗ ನಡೆಯಿತು. ಮಣ್ಣನ್ನು ಬೇಕೆಂದೇ ಒಣಗಿಸಿ, ತೋಯಿಸಿ, ಮತ್ತೆ ಒಣಗಿಸಿ ಹುಳಿಯನ್ನು ತುತ್ತತುದಿಗೇರಿಸುವುದು. ಆಮೇಲೆ ನೀರು ಹಾಯಿಸಿ ತೊಳೆದು, ಸುಣ್ಣದ ಮಣ್ಣು ಬೆರೆಸಿ ದಾರಿಗೆ ತರುವುದು. ಇಂಥದನ್ನು ಯಾವ ಹಳ್ಳಿಯ ವೈದ್ಯನೂ ತಾನಾಗಿ ಕಂಡುಹಿಡಿಯಲಾರ. ಕೇಂದ್ರದಲ್ಲಿ ಕಂಡುಕೊಂಡದ್ದನ್ನು ಗದ್ದೆಗೆ ಇಳಿಸಲು ಮಾತ್ರ ಅವನಿಲ್ಲದೆ ಆಗುವುದಿಲ್ಲ. ಅದೇ ದೊರೆಯ ಹುಟ್ಟುಹಬ್ಬ ಡಿಸೆಂಬರ್ 5. 2014ರಿಂದ ವಿಶ್ವಸಂಸ್ಥೆ ಅಧಿಕೃತವಾಗಿ ಆಚರಿಸುವ ವಿಶ್ವ ಮಣ್ಣಿನ ದಿನವೂ ಅದೇ.

ತರಬೇತಿಯಲ್ಲಿ ಏನಿರುತ್ತದೆ

2012ರಲ್ಲಿ ಕಟ್ಟಿದ ಜಾಗತಿಕ ಮಣ್ಣು ಸಹಭಾಗಿತ್ವದ ಅಡಿಯಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆ 2020ರಲ್ಲಿ ಜಾಗತಿಕ ಮಣ್ಣು ವೈದ್ಯರ ಕಾರ್ಯಕ್ರಮ ಆರಂಭಿಸಿತು. ಒಂದು ದೇಶದ ಇಲಾಖೆಯೋ ಸಂಘಸಂಸ್ಥೆಯೋ ಮುಂದೆ ಬಂದು ರೈತರನ್ನು ಆರಿಸುತ್ತದೆ. ಚಿತ್ರಪಟ, ಕೈಪಿಡಿ ಮತ್ತು ಸರಳ ಪರೀಕ್ಷೆಯ ಸಾಮಾನುಗಳೊಂದಿಗೆ ತರಬೇತಿ ಕೊಡುತ್ತದೆ. ಅವರು ಊರಿಗೆ ಮರಳಿ ಕಲಿಸುತ್ತಾರೆ. ಇದು ಕಾಗದದ ಮೇಲಿನ ರೂಪ. ನೋಡಬೇಕಾದದ್ದು ಆ ಪರೀಕ್ಷೆಗಳನ್ನು.

ಸನಿಕೆಯಿಂದ 20 ಸೆಂಟಿಮೀಟರ್ ಉದ್ದ, ಅಗಲ, ಆಳದ ಮಣ್ಣಿನ ಒಂದು ಗಡ್ಡೆಯನ್ನು ಮುಕ್ಕಾಗದಂತೆ ಎತ್ತಿ, ಸೊಂಟದ ಎತ್ತರದಿಂದ ಪ್ಲಾಸ್ಟಿಕ್ ಬೋಗುಣಿಯೊಳಗೆ ಬೀಳಿಸುತ್ತಾರೆ. ಒಡೆಯದಿದ್ದರೆ ಇನ್ನೊಮ್ಮೆ, ಹೆಚ್ಚೆಂದರೆ ಮೂರು ಸಲ. ಬಿದ್ದದ್ದನ್ನು ಗೋಣಿತಟ್ಟಿನ ಮೇಲೆ ಸುರಿದು ದೊಡ್ಡ ಹೆಂಟೆಗಳನ್ನು ಒಂದು ಕಡೆಗೆ, ಪುಡಿಯನ್ನು ಇನ್ನೊಂದು ಕಡೆಗೆ ಸಾಲಾಗಿ ಹರವುತ್ತಾರೆ. ಆರೋಗ್ಯದ ಮಣ್ಣು ಉದುರುದುರಾದ ಉಪ್ಪಿಟ್ಟಿನಂತೆ ಬಿಚ್ಚಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಬಿಗಿದ ಮಣ್ಣು ಇಟ್ಟಿಗೆಯ ಚೂರಿನಂತೆ ಮೂಲೆಮೂಲೆಯಾಗಿ ಒಡೆಯುತ್ತದೆ. ಅದೇ ಗಡ್ಡೆಯಲ್ಲಿ ಎಷ್ಟು ಎರೆಹುಳು ಸಿಕ್ಕವೆಂದು ಎಣಿಸುವುದೂ ಉಂಟು. ನ್ಯೂಜಿಲೆಂಡಿನ ಗ್ರಹಾಂ ಶೆಪರ್ಡ್ 2000ದ ಹೊತ್ತಿಗೆ ರೂಪಿಸಿದ ಕಣ್ಣಳತೆಯ ಮಣ್ಣು ಪರೀಕ್ಷೆಯಿಂದ ಈ ಕ್ರಮ ಬಹಳ ಕಡೆಗೆ ಹೋಯಿತು.

ಇನ್ನೊಂದರಲ್ಲಿ ಎರಡು ಗಾಜಿನ ಲೋಟ ನೀರು ಸಾಕು. ಒಂದಕ್ಕೆ ಬದುವಿನ ಮೇಲೆ ಹುಲ್ಲಿನ ಬೇರಿನ ನಡುವಿನ ಒಣ ಹೆಂಟೆ, ಇನ್ನೊಂದಕ್ಕೆ ವರ್ಷಕ್ಕೆ ನಾಲ್ಕು ಸಲ ಉತ್ತ ಹೊಲದ ಹೆಂಟೆ. ಮೊದಲನೆಯದು ಕುಳಿತಲ್ಲೇ ಕುಳಿತಿರುತ್ತದೆ. ಎರಡನೆಯದು ನೋಡನೋಡುತ್ತಲೇ ಕುಸಿದು ನೀರನ್ನು ಕದಡುತ್ತದೆ. ಮೊದಲ ಮಳೆಗೆ ಹೊಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚುಟುಕಾದ ಭಾಷಣ ಇಲ್ಲ. ಮಣ್ಣಿನ ಕಣವಿನ್ಯಾಸ ತಿಳಿಯಲು ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆಯುತ್ತಾರೆ: ಕೋಡುಬಳೆಯ ಹಾಗೆ ಬಾಗಿ ಬಳೆಯಾದರೆ ಜೇಡಿ, ಹೊಸೆಯುವಾಗಲೇ ತುಂಡಾದರೆ ಮರಳು, ನಡುವೆ ಬಿರುಕು ಬಿಟ್ಟರೆ ಗೋಡು. ಮಣ್ಣಿನ ಮೇಲೆ ವಿನಿಗರ್ ಹನಿಸಿದಾಗ ನೊರೆಯೆದ್ದರೆ ಸುಣ್ಣಾಂಶ ಇದೆ ಎಂದರ್ಥ. ಹತ್ತಿಯ ಒಳಚಡ್ಡಿಯನ್ನು ಎರಡು ತಿಂಗಳು ಹೂತಿಟ್ಟು ಸೂಕ್ಷ್ಮಜೀವಿಗಳು ಎಷ್ಟು ತಿಂದವೆಂದು ನೋಡುವ ಪರೀಕ್ಷೆ ಉತ್ತರ ಅಮೆರಿಕದಲ್ಲಿ ಜನಪ್ರಿಯ. ನಮ್ಮ ಕಡೆ ಹಳೆಯ ಪಂಚೆಯ ತುಂಡು ಸಾಕು, ಮರ್ಯಾದೆಯೂ ಉಳಿಯುತ್ತದೆ.

ಈ ಪರೀಕ್ಷೆಗಳಿಗೆ ಒಂದು ಗಡಿಯಿದೆ. ಹೆಂಟೆ ಬೀಳಿಸಿ ಸತುವಿನ ಕೊರತೆ ಕಂಡುಹಿಡಿಯಲಾಗದು. ಬೋರಾನ್, ಗಂಧಕ, ಲಭ್ಯ ರಂಜಕ ಇವೆಲ್ಲ ಪ್ರಯೋಗಾಲಯದ ಮಾತು. ಒಳ್ಳೆಯ ಮಣ್ಣು ವೈದ್ಯ ಮಾದರಿ ತೆಗೆಯುವುದನ್ನು ಸರಿಯಾಗಿ ಕಲಿಸಬಲ್ಲ. ಮರದ ನೆರಳು, ಗೊಬ್ಬರದ ಗುಂಡಿಯ ಬದಿ, ಬದುವಿನ ಅಂಚು ಬಿಟ್ಟು, ಹೊಲದ ಹಲವೆಡೆ ಅಂಕುಡೊಂಕಾಗಿ ನಡೆದು ಮಣ್ಣು ಸೇರಿಸಬೇಕೆಂದು ಕೈ ಹಿಡಿದು ತೋರಿಸಬಲ್ಲ. ಬಂದ ವರದಿಯನ್ನು ಓದಿ ಹೇಳಬಲ್ಲ. ಅದನ್ನು ಬಿಟ್ಟು ಎಲ್ಲಕ್ಕೂ ಒಂದೇ ಕಷಾಯ ಹೇಳತೊಡಗಿದರೆ ಅವನು ನಾಟಿ ವೈದ್ಯರಿಗೂ ಕೆಟ್ಟ ಹೆಸರು ತರುತ್ತಾನೆ.

ಕೂಲಿಯ ಪ್ರಶ್ನೆ

ನೆರೆಯವರಿಗೆ ಕಲಿಸಲು ಎಲ್ಲ ಕಡೆಯೂ ಒಂದು ಇಲಾಖೆಯೇ ಬೇಕೆಂದಿಲ್ಲ. ಬುರ್ಕಿನ ಫಾಸೊದ ಯಾಕೂಬಾ ಸವಾಡೊಗೊ, ಸಹಾರಾ ಮರುಭೂಮಿಯ ಅಂಚಿನ ಸಾಹೆಲ್‌ನ ಬರಗಾಲದ ಮಧ್ಯೆ, ಕಲ್ಲಿನಂತೆ ಗಟ್ಟಿಯಾದ ನೆಲದಲ್ಲಿ ‘ಜಾಯಿ’ ಎಂಬ ಹಳೆಯ ಗುಂಡಿಗಳನ್ನು ದೊಡ್ಡದು ಮಾಡಿ, ಬೇಸಗೆಯಲ್ಲೇ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂತು, ಗೆದ್ದಲು ತೋಡಿದ ಸುರಂಗಗಳಲ್ಲಿ ಮಳೆನೀರು ಇಳಿಯಿತು, ಜೋಳ ಬಂತು. ಮೊದಲು ಹುಚ್ಚನೆಂದ ಊರಿನವರನ್ನೇ ಆಮೇಲೆ ವರ್ಷಕ್ಕೆ ಎರಡು ಸಲ ತಮ್ಮ ಹೊಲದಲ್ಲಿ ಸಂತೆಯಂತೆ ಕೂಡಿಸಿ ಬೀಜ ಹಾಗೂ ಅನುಭವ ವಿನಿಮಯ ಮಾಡಿಸಿದರು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆದ ಅವರು 2023ರಲ್ಲಿ ತೀರಿಕೊಂಡರು.

ಯಾಕೂಬಾರಂಥವರು ಊರಿಗೊಬ್ಬರು ಸಿಗುವುದಿಲ್ಲ. ಸಾಮಾನ್ಯ ರೈತನಿಗೆ ನೆರೆಯವನ ಹೊಲದಲ್ಲಿ ಕಳೆದ ದಿನ ತನ್ನ ಹೊಲದ ಕೂಲಿ ತಪ್ಪಿದ ದಿನ. ಏರಿಯಲ್ ಬೆನ್‌ಯಿಶೈ ಮತ್ತು ಮುಷ್ಫಿಕ್ ಮೊಬಾರಕ್ ಎಂಬ ಅರ್ಥಶಾಸ್ತ್ರಜ್ಞರು ಮಲಾವಿಯಲ್ಲಿ ಗುಂಡಿ ಬಿತ್ತನೆ ಮತ್ತು ಕಾಂಪೋಸ್ಟ್ ಕಲಿಸುವ ಪ್ರಯೋಗ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಊರಿನಲ್ಲಿ ಸರ್ಕಾರಿ ವಿಸ್ತರಣಾ ಕಾರ್ಯಕರ್ತ, ಕೆಲವು ಕಡೆ ಊರಿನ ಮುಂದಾಳು ರೈತ, ಉಳಿದ ಕಡೆ ಎಲ್ಲರಂಥ ಸಾಧಾರಣ ರೈತರು ಕಲಿಸಿದರು. ಊರಿನವರು ಕಲಿತದ್ದಕ್ಕೆ ತಕ್ಕಂತೆ ಒಂದು ಸಣ್ಣ ಬಹುಮಾನ ಇಟ್ಟಾಗ ಎಲ್ಲರನ್ನೂ ಮೀರಿಸಿದ್ದು ಸಾಧಾರಣ ರೈತರೇ. ತಮ್ಮಷ್ಟೇ ಹೊಲ, ತಮ್ಮಂಥದೇ ಸಾಲ ಇರುವವನ ಮಾತನ್ನು ಜನ ನಂಬಿದರು. ಬಹುಮಾನ ಇಲ್ಲದಲ್ಲಿ ಅದೇ ಸಾಧಾರಣ ರೈತರಿಂದ ಹೆಚ್ಚು ಕೆಲಸವಾಗಲಿಲ್ಲ. ಕಾರ್ಯಕ್ರಮ ರೂಪಿಸುವವರು ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು: ದೊಡ್ಡ ಹಿಡುವಳಿಯ, ಕಾರಿರುವ, ವೇದಿಕೆಯ ಮೇಲೆ ಚೆನ್ನಾಗಿ ಮಾತಾಡುವ ಪ್ರಗತಿಪರ ರೈತನನ್ನು ಹುಡುಕುತ್ತಾರೆ, ಕೂಲಿ ಮಾತ್ರ ಕೊಡುವುದಿಲ್ಲ.

ಕೆನ್ಯಾದಲ್ಲಿ ಮೇವಿನ ಬೆಳೆ ಕಲಿಸುವ ಸ್ವಯಂಸೇವಕ ರೈತರನ್ನು ಮಾತಾಡಿಸಿದ ವಿಶ್ವ ಅರಣ್ಯಕೃಷಿ ಕೇಂದ್ರದವರಿಗೆ ಸಿಕ್ಕ ಉತ್ತರವೂ ಗಮನಿಸುವಂಥದ್ದು. ಮೊದಮೊದಲು ಎಳೆದದ್ದು ಹೊಸ ವಿದ್ಯೆ ಮತ್ತು ಊರಿನಲ್ಲಿ ಸಿಗುವ ಮಾನ. ಕೆಲವು ವರ್ಷಗಳ ಮೇಲೆ ಹಿಡಿದಿಟ್ಟದ್ದು ಬೀಜ ಮಾರಿ, ಸಸಿ ಮಾರಿ ಬರುವ ನಾಲ್ಕು ಕಾಸು.

ಕರ್ನಾಟಕದಲ್ಲಿ

ಕರ್ನಾಟಕ ಸರ್ಕಾರ ಮತ್ತು ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಿಂದ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿತು. ಸುಮಾರು 90 ಸಾವಿರ ಮಣ್ಣಿನ ಮಾದರಿಗಳ ಪರೀಕ್ಷೆಯಲ್ಲಿ ಗಂಧಕ, ಸತು, ಬೋರಾನ್‌ಗಳ ವ್ಯಾಪಕ ಕೊರತೆ ಬಯಲಾಯಿತು. ಕಣ್ಣಿಗೆ ಕಾಣದ ಹಸಿವು ಅದು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ರಿಯಾಯಿತಿ ದರದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬಂದವು. ಅವನ್ನು ಏಕೆ, ಎಷ್ಟು ಹಾಕಬೇಕೆಂದು ಹೊಲಕ್ಕೆ ಬಂದು ಹೇಳಿದವರು ಸುಮಾರು 500 ಹೆಕ್ಟೇರಿಗೆ ಒಬ್ಬರಂತೆ ಊರುಗಳಿಂದಲೇ ಆರಿಸಿದ ರೈತ ಅನುವುಗಾರರು. ಮಣ್ಣಿನ ವರದಿಯನ್ನು ಊರಿನ ಗೋಡೆಯ ಮೇಲೆ ಬರೆಸಿದ್ದು ಈ ಯೋಜನೆಯ ಜಾಣತನಗಳಲ್ಲಿ ಒಂದು. 2015ರಲ್ಲಿ ಕೇಂದ್ರ ಸರ್ಕಾರ ತಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರ ಇರುತ್ತದೆ. ಓದಿ ಹೇಳುವವರಿಲ್ಲದ ಊರುಗಳಲ್ಲಿ ಅದು ರೇಷನ್ ಕಾರ್ಡಿನ ಪಕ್ಕದಲ್ಲಿ ಭದ್ರವಾಗಿ ಉಳಿದಿದೆ.

ಸ್ವಸಹಾಯ ಸಂಘಗಳ ಮಹಿಳೆಯರಿಂದ ಆರಿಸುವ ಕೃಷಿ ಸಖಿಯರದು ಈಚಿನ ಬೆಳವಣಿಗೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನೈಸರ್ಗಿಕ ಕೃಷಿ ಮಿಷನ್ 15,000 ಗುಂಪುಗಳಿಗೆ 30,000 ಕೃಷಿ ಸಖಿಯರು ಹಾಗೂ ಸಮುದಾಯ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸುವ ಗುರಿ ಇಟ್ಟಿತು. ಇದರ ಹಿಂದೆ ನೆರೆಯ ಆಂಧ್ರದ ಅನುಭವವಿದೆ: ಅಲ್ಲಿ 2016ರಿಂದ ನೈಸರ್ಗಿಕ ಕೃಷಿ ಹಬ್ಬಿದ್ದು ಮಹಿಳಾ ಸಂಘಗಳ ಜಾಲದ ಮೇಲೆ, ಅನುಭವಿ ರೈತರನ್ನೇ ಬೇರೆ ಊರಿಗೆ ಕಳಿಸಿ.

ಯೋಜನೆಗಳಿಗೆ ಮುಂಚೆಯೂ ಕನ್ನಡ ನಾಡಿನಲ್ಲಿ ಈ ಕೆಲಸ ನಡೆದಿತ್ತು. ದೊಡ್ಡಬಳ್ಳಾಪುರದ ಹತ್ತಿರದ ಎಲ್. ನಾರಾಯಣ ರೆಡ್ಡಿಯವರ ತೋಟ ಅವರು 2019ರಲ್ಲಿ ತೀರಿಕೊಳ್ಳುವವರೆಗೂ ಸಾವಯವ ಕೃಷಿಯ ಪಾಠಶಾಲೆಯಾಗಿತ್ತು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟು, ಒಬ್ಬ ಬೆಳೆಗಾರ ಮಾಡಿದ ಇಂಗುಗುಂಡಿಯನ್ನು ಇನ್ನೊಂದು ತಾಲ್ಲೂಕಿನವನ ಜಗಲಿಗೆ ತಲುಪಿಸಿತು.

ಇವೆಲ್ಲಕ್ಕಿಂತ ಹಳೆಯದು ಗುಂಡ್ಲುಪೇಟೆಯ ಕತೆ. ಅಲ್ಲಿನ ರೈತರು ನೂರು ವರ್ಷಕ್ಕೂ ಹಿಂದಿನಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದರು. ಈ ಹುಲ್ಲು ಅತ್ತಿತ್ತ ಹಬ್ಬದೆ ನೆಟ್ಟ ಸಾಲಿನಲ್ಲೇ ನಿಲ್ಲುತ್ತದೆ, ಆದ್ದರಿಂದ ಗಡಿಯ ಜಗಳಕ್ಕೆ ಆಸ್ಪದವಿಲ್ಲ. ಬೇರು ಮಾತ್ರ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಯಾವ ಇಲಾಖೆಯೂ ಕಲಿಸಿರಲಿಲ್ಲ, ಪಕ್ಕದವನು ನೆಟ್ಟದ್ದನ್ನು ನೋಡಿ ಇವನು ನೆಟ್ಟಿದ್ದ. ಫಿಜಿಯ ಕಬ್ಬಿನ ಹೊಲಗಳಲ್ಲಿ ಇದೇ ಹುಲ್ಲನ್ನು ಬಳಸಿದ್ದ ಜಾನ್ ಗ್ರೀನ್‌ಫೀಲ್ಡ್ ಮತ್ತು ಸಂಗಡಿಗ ರಿಚರ್ಡ್ ಗ್ರಿಮ್‌ಷಾ 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೆಲಸಕ್ಕೆ ಭಾರತಕ್ಕೆ ಬಂದರು. ಲಾವಂಚದ ಬೇಲಿ ತಲೆಮಾರುಗಟ್ಟಲೆ ಬಾಳುತ್ತದೆಂಬುದಕ್ಕೆ ಅವರಿಗೆ ಸಿಕ್ಕ ಸಾಕ್ಷಿ ಗುಂಡ್ಲುಪೇಟೆಯ ಈ ಗಡಿಸಾಲುಗಳು. ಅವರು ಅಚ್ಚು ಹಾಕಿಸಿದ ಪುಟ್ಟ ಕೈಪಿಡಿ ದೇಶದೇಶಗಳಿಗೆ ಹೋಯಿತು. 1991ರಲ್ಲಿ ಥಾಯ್ ದೊರೆ ಲಾವಂಚದ ಯೋಜನೆ ಆರಂಭಿಸಿದರು. ಇಂದು ಉತ್ತರ ಥಾಯ್‌ಲೆಂಡಿನ ಗುಡ್ಡಗಳಲ್ಲಿ ಮೊ ದಿನ್‌ಗಳು ಊರಿನವರಿಗೆ ಹಂಚುವ ಗಿಡಗಳಲ್ಲಿ ಲಾವಂಚದ ಸಸಿಯೂ ಒಂದು.